ಇಂಗ್ಲಿಷ್ ಕ್ರಿಯಾಪದಗಳ ಭೂತರೂಪಗಳು

ವಿದ್ಯಾರ್ಥಿಗಳೇ, ಇಂಗ್ಲಿಷ್ ಕ್ರಿಯಾಪದಗಳ ಮೂರು ರೂಪಗಳ ಪಟ್ಟಿಯನ್ನು ನೀವೆಲ್ಲರೂ ಕಂಠಪಾಠ ಮಾಡಿದ್ದೀರಿ. 'ಗೋ, ವೆಂಟ್, ಗಾನ್; ರೈಟ್, ರೋಟ್, ರಿಟನ್' ಎಂದು ತಡೆಯಿಲ್ಲದೆ ಒಪ್ಪಿಸುವ ಹುಡುಗನೇ ಉತ್ತರಪತ್ರಿಕೆಯಲ್ಲಿ 'ಹೀ ಹ್ಯಾಸ್ ವೆಂಟ್' ಎಂದು ಬರೆದುಬಿಡುತ್ತಾನೆ. ಪಟ್ಟಿ ಬಾಯಿಗೆ ಬಂದಿದೆ. ಯಾವ ರೂಪಕ್ಕೆ ಯಾವ ಕೆಲಸವೆಂಬುದು ತಿಳಿದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದುದೇ ಇದಕ್ಕೆ ಕಾರಣವೆಂದು ಹೇಳುವವರು ಮುಂಬಯಿಯಲ್ಲಿ ಬಹುಮಂದಿ ಇದ್ದಾರೆ. ಅದೇ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಾವೂ ಒಂದು ಕಾಲಕ್ಕೆ ಈ ಮಾತನ್ನು ನಂಬಿದ್ದೆವು. ಈಗ ನಂಬುವುದಿಲ್ಲ. ಈ ಪಾಠವನ್ನು ತಿಳಿಸಲು ಕನ್ನಡಕ್ಕಿಂತ ಒಳ್ಳೆಯ ಕೈದೀವಿಗೆ ನಮಗೆ ದೊರೆತಿಲ್ಲ.

'ಹೋಗು' ಧಾತುವನ್ನೇ ನೋಡಿರಿ. 'ಅವನು ನಿನ್ನೆ ಊರಿಗೆ ಹೋದನು.' ಇಲ್ಲಿ 'ಹೋದನು' ಎಂಬುದು ಭೂತಕಾಲದ ಕ್ರಿಯಾಪದ. ತಾನೊಂದೇ ವಾಕ್ಯವನ್ನು ಮುಗಿಸಬಲ್ಲದು. 'ಅವನು ಊರಿಗೆ ಹೋಗಿದ್ದಾನೆ' ಎಂಬಲ್ಲಿಯಾದರೋ 'ಹೋಗಿ' ಮತ್ತು 'ಇದ್ದಾನೆ' ಎಂದು ಎರಡು ಪದಗಳಿವೆ. 'ಹೋಗಿ' ಎಂಬ ಕೃದಂತಾವ್ಯಯವು ವಾಕ್ಯವನ್ನು ಮುಗಿಸಲಾರದು. ಅದಕ್ಕೆ 'ಇರು' ಧಾತುವಿನ ಆಸರೆ ಬೇಕು. 'ಹೋದನಿದ್ದಾನೆ' ಎಂದು ನಿಮ್ಮ ಮನೆಯ ಪುಟ್ಟ ತಂಗಿಯೂ ಹೇಳಳು. ಇಂಗ್ಲಿಷಿನ 'ವೆಂಟ್' ನಮ್ಮ 'ಹೋದನು'. 'ಗಾನ್' ನಮ್ಮ 'ಹೋಗಿ'. 'ಹ್ಯಾಸ್', 'ಹ್ಯಾಡ್' ಎಂಬವು 'ಇದ್ದಾನೆ', 'ಇದ್ದನು' ಎಂಬವುಗಳ ಸ್ಥಾನದಲ್ಲಿ ನಿಲ್ಲುತ್ತವೆ. 'ಹ್ಯಾಸ್ ವೆಂಟ್' ಎಂದು ಬರೆದರೆ 'ಹೋದನಿದ್ದಾನೆ' ಎಂದು ಬರೆದಂತೆಯೇ ಆಯಿತು.

ಹೋಲಿಕೆಯನ್ನು ಬಹುದೂರ ಎಳೆಯಲಾಗದು. 'ಮನೆಗೆ ಹೋಗಿ ಉಂಡನು' ಎಂಬಲ್ಲಿನ 'ಹೋಗಿ'ಗೆ ಬರಿಯ 'ಗಾನ್' ಸಲ್ಲದು.

'ಡಿಡ್ ನಾಟ್ ವೆಂಟ್' ಎಂಬುದು ಇನ್ನೊಂದು ತಪ್ಪು. ಕನ್ನಡದಲ್ಲಿ 'ಹೋಗಲಿಲ್ಲ' ಎನ್ನುತ್ತೇವೆಯೇ ಹೊರತು 'ಹೋದಲಿಲ್ಲ' ಎನ್ನುವುದಿಲ್ಲ. ಅಂತೆಯೇ ಭೂತಕಾಲದ ಹೊರೆಯನ್ನು 'ಡಿಡ್' ಹೊತ್ತಿರುವಾಗ 'ಗೋ' ಹಾಗೆಯೇ ಉಳಿಯುತ್ತದೆ.

'ಗೋ' ಶಬ್ದವು 'ವೆಂಟ್' ಆದುದು ಹೇಗೆಂದು ಕೆಲವರು ಕೇಳುವುದುಂಟು. ಅದು ಆದುದೇ ಅಲ್ಲ. 'ಸೆಂಡ್' ಎಂಬುದಕ್ಕೆ 'ಸೆಂಟ್' ಇರುವಂತೆ, 'ವೆಂಡ್' ಎಂಬ ಬೇರೊಂದು ಧಾತುವಿನ ಭೂತರೂಪ 'ವೆಂಟ್'. 'ಗೋ' ಧಾತುವಿಗಿದ್ದ ಹಳೆಯ ಭೂತರೂಪವು ಬಳಕೆ ತಪ್ಪಲು, ಇದು ಆ ಸ್ಥಾನಕ್ಕೆ ಬಂದು ಕುಳಿತಿತು. ಇದೇನೂ ವಿಚಿತ್ರವಲ್ಲ. ನಮ್ಮ ಚಾಳಿನಲ್ಲಿ ದಿನವೂ ಕೇಳುವ ಮರಾಠಿಯ 'ಜಾತೋ', 'ಗೇಲಾ' ಎಂಬವೂ ಹೀಗೆಯೇ: ಮೊದಲನೆಯದು ಸಂಸ್ಕೃತದ 'ಯಾ' ಧಾತುವಿನಿಂದಲೂ ಎರಡನೆಯದು 'ಗಮ್' ಧಾತುವಿನಿಂದಲೂ ಬಂದವು. ಅದನ್ನು ಪಟ್ಟಿಯಿಲ್ಲದೆಯೇ ಕಲಿತಿರಿ. ಬರು–ಬಂದನು, ಕೊಡು–ಕೊಟ್ಟನು, ಬೀಳು–ಬಿದ್ದನು ಎಂಬವನ್ನಂತೂ ಕಲಿತ ನೆನಪೂ ನಿಮಗಿರದು.

ನಿಯಮ ಮೀರಿದ ರೂಪಗಳು ಎಂದೆಂದಿಗೂ ಹಾಗೆಯೇ ಇರುವುವೆಂದಲ್ಲ. 'ಹೆಲ್ಪ್' ಧಾತುವಿನ 'ಹೋಲ್ಪನ್' ಎಂಬ ಕೃದಂತವು 1611ರ ಇಂಗ್ಲಿಷ್ ಬೈಬಲಿನಲ್ಲಿದೆ. ಇಂದು ಎಲ್ಲರೂ 'ಹೆಲ್ಪ್ಡ್' ಎನ್ನುತ್ತಾರೆ. 'ಡಿಗ್' ಧಾತು ತದ್ವಿರುದ್ಧ: ಅಲ್ಲಿ 'ಡಿಗ್ಡ್', ಇಂದು 'ಡಗ್'!

ಬೀಳು, ನೋಡು, ತಿನ್ನು, ಒಡೆ, ಕದಿ: ಈ ಐದು ಧಾತುಗಳಿಂದ ಕನ್ನಡದಲ್ಲಿ 'ಬಿದ್ದನು', 'ಬಿದ್ದಿದ್ದಾನೆ', 'ಬೀಳಲಿಲ್ಲ' ಎಂಬಂತೆ ಮೂರು ಮೂರು ವಾಕ್ಯಗಳನ್ನು ಮಾಡಿ, ಅವನ್ನು ಇಂಗ್ಲಿಷಿಗೆ ತಿರುಗಿಸಿರಿ. ಬರೆಯುವಾಗ ಪಟ್ಟಿಯನ್ನು ಮುಚ್ಚಿಡಿರಿ. ಬರೆದಾದ ಮೇಲೆ ತೆರೆದು ತಾಳೆ ನೋಡಿರಿ.