ದೊಡ್ಡ ಹುಳು ಕಂಡರೆ ಗಾಬರಿ ಬೇಡ, ಗುರುತು ಹಿಡಿಯಿರಿ

ಮಳೆ ಬಿದ್ದ ರಾತ್ರಿ ವರಾಂಡದ ದೀಪದ ಕೆಳಗೆ ಬೆರಳುದ್ದದ ಕಂದು ಹುಳುವೊಂದು ಬಂದು ಬೀಳುತ್ತದೆ. ಹಿಂದೆಂದೂ ಕಾಣದ ಹುಳು. ಕಚ್ಚಿದರೆ ಏನು ಗತಿ ಎಂದು ಮನೆಮಂದಿಗೆಲ್ಲ ದಿಗಿಲು. ಬಸ್ಸು, ಲಾರಿಗಳಿಂದ ಗಿಜಿಗುಡುವ ಬೆಂಗಳೂರಿನ ಟಿನ್ ಫ್ಯಾಕ್ಟರಿಯಲ್ಲಿ ಇದೆಲ್ಲಿಂದ ಬಂತು ಎನ್ನುತ್ತೀರಾ? ಪಕ್ಕದಲ್ಲೇ ಬೆನ್ನಿಗಾನಹಳ್ಳಿ ಕೆರೆಯಿದೆ. ಕೆರೆಕುಂಟೆಗಳಲ್ಲಿ ಬದುಕುವ ಅನೇಕ ಕೀಟಗಳು ರಾತ್ರಿ ಹಾರುತ್ತ ದೀಪದತ್ತ ಬರುತ್ತವೆ.

ಮೊದಲು ಒಂದು ಮಾತು ನೆನಪಿಡಿ: ಹುಳುವಿನ ಗಾತ್ರಕ್ಕೂ ಅದರಿಂದಾಗುವ ಅಪಾಯಕ್ಕೂ ನೇರ ಸಂಬಂಧವಿಲ್ಲ.

ಗುರುತಿಸುವುದು ಹೇಗೆ?

ದೂರದಿಂದಲೇ ಕಾಲುಗಳನ್ನು ಎಣಿಸಿ. ಆರು ಕಾಲಿದ್ದರೆ ಕೀಟ. ಎಂಟಿದ್ದರೆ ಜೇಡ ಅಥವಾ ಚೇಳು. ಚೇಳು ಕುಟುಕಿದ ಮಕ್ಕಳನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಒಣಗಿದ ಎಲೆಯ ಬಣ್ಣದ ಚಪ್ಪಟೆ ದೇಹ, ಕೊಕ್ಕೆಯಂಥ ಮುಂಗಾಲು, ಆರೇಳು ಸೆಂಟಿಮೀಟರ್ ಉದ್ದ ಇದ್ದರೆ ಅದು ದೈತ್ಯ ನೀರುತಿಗಣೆ. ತಾನಾಗಿ ಮೇಲೆ ಬೀಳುವುದಿಲ್ಲ. ಕೈಯಲ್ಲಿ ಹಿಡಿದರೆ ಚೂಪಾದ ಮೂತಿಯಿಂದ ಚುಚ್ಚುತ್ತದೆ. ನೋವು ಬಹಳ, ಆದರೆ ಪ್ರಾಣಾಪಾಯ ತೀರಾ ಅಪರೂಪ.

ತಲೆಯ ಮೇಲೆ ಕೊಂಬಿರುವ ಕಪ್ಪು ದುಂಬಿ ತೆಂಗಿನ ಮರಕ್ಕೆ ಶತ್ರು, ನಿಮಗಲ್ಲ. ಬಾಗಿಲ ಚೌಕಟ್ಟು, ಬಿದಿರು ಕೊರೆಯುತ್ತ ಗುಂಯ್‌ಗುಡುವ ದಪ್ಪ ಕಪ್ಪು ದುಂಬಿ ನಿಜವಾಗಿ ಒಂದು ಬಗೆಯ ಜೇನು. ಅದರಲ್ಲಿ ಹೆಣ್ಣು ಮಾತ್ರ ಕುಟುಕಬಲ್ಲದು, ಅದೂ ಹಿಡಿದು ಹಿಂಸಿಸಿದರೆ.

ಎಚ್ಚರ ಬೇಕಾದದ್ದು ಕಣಜದ ಬಗ್ಗೆ. ಸಣ್ಣ ಸೊಂಟ, ಕಪ್ಪು ಹೊಟ್ಟೆಯ ಮೇಲೆ ಹಳದಿ ಪಟ್ಟಿ ಇರುವ ದೊಡ್ಡ ಕಣಜ ಮತ್ತೆ ಮತ್ತೆ ಕುಟುಕಬಲ್ಲದು. ಇದರ ಗೂಡಿಗೂ ಹೆಜ್ಜೇನಿನ ಹುಟ್ಟಿಗೂ ಕಲ್ಲು ಹೊಡೆಯುವುದು, ಬೆಂಕಿ ಇಡುವುದು ಬೇಡ. ತೆಗೆಸಲು ಅನುಭವಿಗಳನ್ನು ಕರೆಸಿ.

ಇನ್ನೊಂದೆಡೆ, ಒಂದು ಸೆಂಟಿಮೀಟರ್ ಕೂಡ ಇಲ್ಲದ ಕೆಂಪು-ಕಪ್ಪು ಪಟ್ಟೆಯ ಹುಳುವೊಂದು ಟ್ಯೂಬ್‌ಲೈಟಿನ ಬಳಿ ಸುಳಿಯುತ್ತದೆ. ಅದು ಕಚ್ಚುವುದಿಲ್ಲ, ಮೈಮೇಲೆ ಉಜ್ಜಿ ಸಾಯಿಸಿದರೆ ಅದರ ರಸದಿಂದ ಮರುದಿನ ಸುಟ್ಟಂಥ ಗೆರೆ, ಬೊಕ್ಕೆ ಏಳುತ್ತವೆ. ಹಲವರು ಇದನ್ನೇ ಸರ್ಪಸುತ್ತು ಎಂದು ಭಾವಿಸುತ್ತಾರೆ. ಹುಳುವನ್ನು ಊದಿ ಹಾರಿಸಿ, ಆ ಜಾಗವನ್ನು ಸೋಪು ನೀರಿನಿಂದ ತೊಳೆಯಿರಿ.

ಕುಟುಕಿದರೆ ಏನು ಮಾಡಬೇಕು?

ಉಂಗುರ, ಬಳೆಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಜೇನಿನ ಮುಳ್ಳು ಉಳಿದಿದ್ದರೆ ಕೂಡಲೇ ಕೆರೆದು ತೆಗೆಯಿರಿ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ. ಸುಣ್ಣ, ಸೀಮೆಎಣ್ಣೆ ಹಚ್ಚಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆ ಜಾಗದಲ್ಲಷ್ಟೇ ಊತವಿದ್ದರೆ ಕೆಲವು ದಿನಗಳಲ್ಲಿ ಇಳಿಯುತ್ತದೆ.

ಆದರೆ ಮೈಯೆಲ್ಲ ದದ್ದು, ತುಟಿ ಅಥವಾ ನಾಲಗೆಯ ಊತ, ಗಂಟಲು ಬಿಗಿತ, ಏದುಸಿರು, ವಾಂತಿ, ತಲೆಸುತ್ತು ಕಂಡರೆ ಅದು ತೀವ್ರ ಅಲರ್ಜಿ. ನಿಮಿಷಗಳಲ್ಲೇ ಜೀವ ತೆಗೆಯಬಲ್ಲದು. ಒಂದೇ ಕುಟುಕಿನಿಂದಲೂ ಆಗಬಹುದು. ಇದಕ್ಕೆ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಮದ್ದು, ಅಲರ್ಜಿ ಮಾತ್ರೆಯಲ್ಲ. 108ಕ್ಕೆ ಕರೆ ಮಾಡಿ. ತಲೆಸುತ್ತಿದ್ದರೆ ಕಾಲು ಎತ್ತರಿಸಿ ಮಲಗಿಸಿ, ಉಸಿರಾಟ ಕಷ್ಟವಿದ್ದರೆ ಕೂರಿಸಿ, ನಡೆಸಬೇಡಿ. ಹತ್ತಾರು ಕಣಜ ಕುಟುಕಿದವರು ಚೆನ್ನಾಗಿಯೇ ಕಂಡರೂ ಆಸ್ಪತ್ರೆಯಲ್ಲಿರಬೇಕು. ವಿಷದಿಂದ ಸ್ನಾಯು, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಮೂತ್ರ ಕಡಿಮೆಯಾಗುವುದು, ಕಡುಬಣ್ಣಕ್ಕೆ ತಿರುಗುವುದು ಅದರ ಸೂಚನೆ.

ಹುಳುವಿನ ಮೇಲೆ ಗಾಜಿನ ಲೋಟ ಕವಿದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ವೈದ್ಯರಿಗೆ ಸಹಾಯವಾಗುತ್ತದೆ. ಆದರೆ ರೋಗಿಯ ಉಸಿರು ಕಟ್ಟುತ್ತಿರುವಾಗ ಹುಳುವಿನ ಹಿಂದೆ ಓಡಬೇಡಿ. ಆಗ ನೋಡಬೇಕಾದದ್ದು ಹುಳುವನ್ನಲ್ಲ, ಮನುಷ್ಯನನ್ನು.