ತತ್‌ಕ್ಷಣದ ತೃಪ್ತಿ ಮತ್ತು ಕಾಯುವಿಕೆಯ ವೆಚ್ಚ: ಕಾಫಿ ಸೀಮೆಯ ಪಾಠ

ಕಳಸ, ಹೊರನಾಡು, ಮೂಡಿಗೆರೆ ಸೀಮೆಯ ಕಾಫಿ ತೋಟಗಳಿಗೆ ಸಾಮಾನ್ಯವಾಗಿ ಮಾರ್ಚ್ ಸುಮಾರಿಗೆ ಹೂಮಳೆ ಬೀಳುತ್ತದೆ. ಎಂಟು ಹತ್ತು ದಿನಗಳಲ್ಲಿ ಗಿಡ ಹೂವಾಗುತ್ತದೆ. ಆ ಹೂವು ಹಣ್ಣಾಗಿ ಕೊಯ್ಲಿಗೆ ಬರಲು ಅರೇಬಿಕಾಕ್ಕೆ ಎಂಟೊಂಬತ್ತು ತಿಂಗಳು, ರೊಬಸ್ಟಾಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ಹೊಸದಾಗಿ ನೆಟ್ಟ ಗಿಡವಾದರೆ ಮೊದಲ ಮೂರು ವರ್ಷ ಖರ್ಚಲ್ಲದೆ ಆದಾಯವಿಲ್ಲ. ಇದೇ ಕಾಫಿಯು ಪುಡಿಯ ರೂಪದಲ್ಲಿ ಒಂದು ಚಮಚ ಬಿಸಿನೀರಿಗೆ ಬಿದ್ದು ಪಾನೀಯವಾಗಲು ಬೇಕಾದ ಕಾಲ ಅರ್ಧ ನಿಮಿಷ.

ಆಧುನಿಕ ಸಮಾಜವು ತತ್‌ಕ್ಷಣದ ತೃಪ್ತಿಗೆ ದಾಸನಾಗಿದೆಯೇ ಎಂಬ ಪ್ರಶ್ನೆ ಇಂದು ಎಲ್ಲೆಡೆ ಕೇಳಿಬರುತ್ತಿದೆ. ಬೇಕಾದುದು ಈಗಲೇ ಬೇಕು, ಜನರಿಗೆ ತಾಳ್ಮೆ ಉಳಿದಿಲ್ಲ ಎಂಬುದು ಸಿದ್ಧ ಉತ್ತರ. ಈ ಉತ್ತರವು ಕೇಳಲು ಹಿತವಾಗಿದ್ದರೂ ವ್ಯಾಪಾರಸ್ಥನಿಗೆ ಉಪಯೋಗವಿಲ್ಲದ್ದು. ಒಬ್ಬ ಕಾಯದಿದ್ದರೆ ಅವನ ಪರವಾಗಿ ಬೇರೊಬ್ಬ ಕಾದಿರುತ್ತಾನೆ. ಆ ಕಾಯುವಿಕೆಗೆ ಬಡ್ಡಿ, ಗೋದಾಮು, ತೂಕದ ಇಳಿತ ಎಂಬ ವೆಚ್ಚಗಳಿವೆ. ಅದನ್ನು ಭರಿಸುತ್ತಿರುವವರು ಯಾರು ಎಂಬುದೇ ವಾಣಿಜ್ಯದ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ.

ಇನ್‌ಸ್ಟಂಟ್ ಕಾಫಿಯ ಚರಿತ್ರೆಯನ್ನೇ ನೋಡಬಹುದು. ಅದರ ಬೃಹತ್ ಉದ್ಯಮವು ಹುಟ್ಟಿದ್ದು ಗ್ರಾಹಕನ ಅವಸರದಿಂದಲ್ಲ. 1929ರ ಆರ್ಥಿಕ ಕುಸಿತದ ನಂತರ ಬ್ರೆಜಿಲ್‌ನಲ್ಲಿ ಕಾಫಿಯು ಕೊಳ್ಳುವವರಿಲ್ಲದೆ ರಾಶಿ ಬಿದ್ದು, ಲಕ್ಷಾಂತರ ಚೀಲಗಳನ್ನು ಸುಡಬೇಕಾಗಿ ಬಂತು. ಮಿಗುತಾಯ ಕಾಫಿಯನ್ನು ಕೆಡದಂತೆ ಉಳಿಸುವ ಮಾರ್ಗ ಹುಡುಕಿಕೊಡಬೇಕೆಂದು ಆ ದೇಶದವರು ಸ್ವಿಟ್ಜರ್ಲೆಂಡಿನ ನೆಸ್ಲೆ ಸಂಸ್ಥೆಯನ್ನು ಕೇಳಿಕೊಂಡರು. ವರ್ಷಗಳ ಪ್ರಯೋಗದ ಬಳಿಕ 1938ರಲ್ಲಿ ನೆಸ್ಕೆಫೆ ಮಾರುಕಟ್ಟೆಗೆ ಬಂತು. ಕ್ಷಣದಲ್ಲಿ ಸಿದ್ಧವಾಗುವ ಪದಾರ್ಥದ ಹಿಂದೆ ಬೆಳೆಗಾರನ ದೀರ್ಘ ಸಂಕಟವೂ ರಸಾಯನ ಶಾಸ್ತ್ರಜ್ಞನ ಸುದೀರ್ಘ ಸಹನೆಯೂ ಇದ್ದವು. ಮಲೆನಾಡಿನ ರೊಬಸ್ಟಾಕ್ಕೆ ಇಂದು ಇರುವ ಬೇಡಿಕೆಯ ಗಣನೀಯ ಪಾಲು ಈ ಪುಡಿಯ ಕಾರ್ಖಾನೆಗಳದ್ದೇ ಆದುದರಿಂದ, ಗ್ರಾಹಕನ ಅವಸರವನ್ನು ಇಲ್ಲಿನವರು ಪೂರ್ತಿಯಾಗಿ ಹಳಿಯುವಂತೆಯೂ ಇಲ್ಲ.

ನಂಬಿಕೆ ಇದ್ದಲ್ಲಿ ತಾಳ್ಮೆ

ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಪ್ರಯೋಗವೊಂದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ 1960ರ ದಶಕದ ಕೊನೆಯಿಂದ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅವರು ಮಕ್ಕಳ ಮುಂದೆ ತಿನಿಸನ್ನಿಟ್ಟು, ಈಗಲೇ ತಿಂದರೆ ಒಂದು, ಸ್ವಲ್ಪ ಹೊತ್ತು ಕಾದರೆ ಎರಡು ಎಂದು ಹೇಳಿ ಪರೀಕ್ಷಿಸಿದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲುಗೈ ಸಾಧಿಸಿದರೆಂಬ ಮಾತು ಜಗತ್ತಿನಾದ್ಯಂತ ಹರಡಿತು. ಆದರೆ 2018ರಲ್ಲಿ ಹೆಚ್ಚಿನ ಸಂಖ್ಯೆಯ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಬಂಧವು ಬಹಳ ಮಟ್ಟಿಗೆ ಕುಗ್ಗುತ್ತದೆ ಎಂದು ಕಂಡುಬಂತು. ಅದಕ್ಕೂ ಮೊದಲು ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಇನ್ನೊಂದು ಪ್ರಯೋಗವು ವರ್ತಕರಿಗೆ ಹೆಚ್ಚು ಬೋಧಪ್ರದವಾಗಿದೆ. ಅಲ್ಲಿ ಪರೀಕ್ಷೆಗೆ ಮುನ್ನ ಕೆಲವು ಮಕ್ಕಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಯಿತು, ಕೆಲವರಿಗೆ ತಪ್ಪಿಸಲಾಯಿತು. ಮಾತು ಉಳಿಸಿಕೊಂಡಲ್ಲಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ತಪ್ಪಿಸಿದಲ್ಲಿ ಕೇವಲ 3 ನಿಮಿಷ.

ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲವೆನ್ನಿ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದ ಯಾತ್ರಿಕರು ಊಟದ ಪಂಕ್ತಿಗಾಗಿ ಗೊಣಗದೆ ಕಾಯುತ್ತಾರೆ. ಬಂದವರು ಹಸಿದು ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತು. ಊಟ ಮುಗಿಸಿ ಹೊರಟ ಅದೇ ಜನ ಕೊಟ್ಟಿಗೆಹಾರದ ದಾರಿಯ ತಿರುವಿನಲ್ಲಿ ಮುಂದಿನ ವಾಹನ ಒಂದು ನಿಮಿಷ ನಿಂತರೆ ಹಾರ್ನ್ ಒತ್ತುತ್ತಾರೆ.

ಪೂಲಿನ ಕಾಲ, ಪೂಲಿನ ನಂತರ

ಕಾಫಿ ಬೆಳೆಗಾರನು ಒಂದು ಕಾಲದಲ್ಲಿ ಕಾಯಲೇಬೇಕಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿದಾಗ 1940ರಲ್ಲಿ, ಬಳಿಕ 1942ರ ಕಾಯಿದೆಯ ಮೂಲಕ ಕಾಫಿ ಪೂಲ್ ವ್ಯವಸ್ಥೆ ನೆಲೆಗೊಂಡಿತು. ಬೆಳೆಗಾರನು ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಮಂಡಳಿಯು ಹರಾಜಿನಲ್ಲಿ ಮಾರಿ ಹಣವನ್ನು ಕಂತುಗಳಲ್ಲಿ ಕೊಡುತ್ತಿತ್ತು. ಕೊನೆಯ ಕಂತು ಬಹಳ ತಡವಾಗಿ ಬರುತ್ತದೆಂಬ ದೂರು ಸದಾ ಇತ್ತು. ಆ ದೂರಿನಲ್ಲಿ ಸತ್ಯವೂ ಇತ್ತು. ಆದರೆ ಮಾರುವ ಚಿಂತೆ, ದಾಸ್ತಾನಿನ ಚಿಂತೆ ತೋಟದವನದ್ದಾಗಿರಲಿಲ್ಲ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 1992ರಿಂದ ಹಂತ ಹಂತವಾಗಿ ಸಡಿಲಗೊಂಡ ಪೂಲ್ 1996ರಲ್ಲಿ ಸಂಪೂರ್ಣವಾಗಿ ಕೊನೆಗೊಂಡಿತು. ಅಂದಿನಿಂದ ಚೀಲ ತೂಗಿದ ದಿನವೇ ಹಣ ಕೈಗೆ ಬರುವ ಸೌಕರ್ಯ ಒದಗಿತು. ಕಾಯುವ ವೆಚ್ಚವೂ ಅದರ ಜೊತೆಗೇ ತೋಟದ ಬಾಗಿಲಿಗೆ ಬಂತು.

ಮೊದಲ ವರ್ಷಗಳು ಸೊಗಸಾಗಿದ್ದವು. 1994ರ ಬ್ರೆಜಿಲ್ ಹಿಮಪಾತದ ನಂತರ ಬೆಲೆ ಏರಿತು. 1997ರಲ್ಲಿ ಅಂತಾರಾಷ್ಟ್ರೀಯ ಸರಾಸರಿ ದರವು ಪೌಂಡಿಗೆ 130 ಸೆಂಟುಗಳ ಮೇಲಿತ್ತು. ಬೆಲೆ ಕಂಡು ಜಗತ್ತಿನಾದ್ಯಂತ ನೆಟ್ಟ ಗಿಡಗಳು ಫಲ ಕೊಡುವ ಹೊತ್ತಿಗೆ, ವಿಯೆಟ್ನಾಂ ದೇಶವು ಎರಡನೆಯ ಸ್ಥಾನಕ್ಕೇರುವ ಹೊತ್ತಿಗೆ, ಅಂದರೆ 2001ರಲ್ಲಿ, ಅದು 50 ಸೆಂಟಿಗಿಂತ ಕೆಳಗಿಳಿಯಿತು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ವಾಯಿದೆ ದರವು 4 ಡಾಲರನ್ನು ದಾಟಿತು. ದರವು ಮೊಬೈಲಿನಲ್ಲಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಬೆಳೆಯೋ ವರ್ಷಕ್ಕೊಂದೇ.

ಬೆಳೆಗಾರನೂ ಅವಸರಕ್ಕೆ ಬಿದ್ದಿದ್ದಾನೆ ಎಂದು ಹೇಳುವವರಿದ್ದಾರೆ. ಹಣ್ಣು ಆಯ್ದು ನಾಲ್ಕಾರು ಸುತ್ತು ಕೊಯ್ಯುವ ಬದಲು ಕಾಯಿ ಹಣ್ಣು ಸೇರಿಸಿ ಒಮ್ಮೆಲೇ ಉದುರಿಸುವುದು, ಒಣಗಿದ ಕೂಡಲೇ ಕಣದಲ್ಲೇ ಮಾರುವುದು ಅದರ ಲಕ್ಷಣಗಳಂತೆ. ಉದುರಿಸಿದ ಕಾಫಿಯ ರುಚಿ ಕೆಡುತ್ತದೆ ಎಂಬುದು ನಿಜವೇ. ಆದರೆ ಅದೇ ಮನೆಯ ಅಟ್ಟದ ಮೇಲೆ ಎರಡು ಮೂರು ವರ್ಷದ ಹಿಂದಿನ ಕಾಳುಮೆಣಸಿನ ಚೀಲಗಳು ಬೆಲೆಗಾಗಿ ಕಾಯುತ್ತಿರುವುದು ಅಪರೂಪವೇನಲ್ಲ. ಮನುಷ್ಯ ಒಬ್ಬನೇ. ಮೆಣಸನ್ನು ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಕಾಫಿ ಮುಂಗಾರಿನ ಥಂಡಿಯನ್ನು ಹೀರಿ ಬಣ್ಣಗೆಡುತ್ತದೆ. ಮೇಲಾಗಿ ಕೊಯ್ಲಿನ ಕೂಲಿಯನ್ನು ವಾರವಾರವೂ ಕೊಡಬೇಕು, ಸಾಲದ ಗಡುವೂ ಸುಗ್ಗಿಯ ಬೆನ್ನಿಗೇ ಬರುತ್ತದೆ. ಅವನ ಅವಸರವು ಸ್ವಭಾವದ್ದಲ್ಲ, ಸಂದರ್ಭದ್ದು.

ಹತ್ತು ನಿಮಿಷ ಮತ್ತು ತೊಂಬತ್ತು ದಿನ

ನಗರದ ಮಾರುಕಟ್ಟೆಗೂ ಈ ದೃಷ್ಟಿಯನ್ನು ಅನ್ವಯಿಸಬಹುದು. 2021ರಿಂದೀಚೆಗೆ ಬೆಂಗಳೂರಿನಂಥ ನಗರಗಳಲ್ಲಿ ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ಎಂಬ ವ್ಯಾಪಾರ ಬೆಳೆಯಿತು. 2016ರಲ್ಲಿ ಬಂದ ಯುಪಿಐ ಮೂಲಕ ಗ್ರಾಹಕನ ಹಣ ಆ ಕ್ಷಣವೇ ಸಂದಾಯವಾಗುತ್ತದೆ. ಆದರೆ ಆ ಸಾಮಾನನ್ನು ತಯಾರಿಸಿಕೊಟ್ಟ ಸಣ್ಣ ಉದ್ದಿಮೆದಾರನ ಬಿಲ್ಲು ಅನೇಕ ವೇಳೆ ಎರಡು ಮೂರು ತಿಂಗಳು ಕಾಯುತ್ತದೆ. ಒಂದು ಲಕ್ಷ ರೂಪಾಯಿಯ ಬಿಲ್ಲು 90 ದಿನ ಬಾಕಿ ಉಳಿದರೆ ಶೇಕಡಾ 12ರ ಬಡ್ಡಿಯಂತೆ ತಗಲುವ ವೆಚ್ಚ ಸುಮಾರು 2,959 ರೂಪಾಯಿ. ಲಾಭಾಂಶವು ಶೇಕಡಾ 8 ಆಗಿದ್ದಲ್ಲಿ ಅದರ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಇದರಲ್ಲೇ ಕರಗಿತು.

ಇದಕ್ಕೆ ಕಾನೂನಿನ ಆಸರೆ ಇಲ್ಲದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳೊಳಗೆ, ಇಲ್ಲವಾದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವಾಗಿ ತೋರಿಸಬೇಕೆಂಬ ತೆರಿಗೆ ನಿಯಮವು 2023ರ ಹಣಕಾಸು ಕಾಯಿದೆಯ ಮೂಲಕ ಸೇರಿತು. ಕೊಂಡು ಮಾರುವ ವರ್ತಕರಿಗೆ ಈ ರಕ್ಷಣೆ ದೊರೆಯುವುದಿಲ್ಲ ಎಂಬುದನ್ನು ಮರೆಯಬಾರದು. ಉದ್ಯಮ್ ನೋಂದಣಿ ಪಡೆದ ತಯಾರಕರೂ ದೊಡ್ಡ ಗಿರಾಕಿ ಕೈತಪ್ಪೀತೆಂಬ ಅಂಜಿಕೆಯಿಂದ ಬಡ್ಡಿಯನ್ನು ಕೇಳುವುದೇ ಇಲ್ಲ.

ಕಾಫಿ ಸೀಮೆಯಲ್ಲಿ ಇದಕ್ಕೆ ಸಮಾನವಾದ ಲೆಕ್ಕವು ಕಣದಲ್ಲೇ ಆಗಬೇಕಾದದ್ದು. ಕಾಫಿಯನ್ನು ಕ್ಯೂರಿಂಗ್ ಸಂಸ್ಥೆಯ ಗೋದಾಮಿನಲ್ಲಿಟ್ಟು, ಆ ದಾಸ್ತಾನಿನ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಪಡೆದು ಕೂಲಿ ಕೊಡುವುದಾದರೆ ತಗಲುವ ಬಡ್ಡಿ, ಬಾಡಿಗೆ, ವಿಮೆ ಎಷ್ಟು? ಈ ದಿನವೇ ಮಾರಿದರೆ ಖರೀದಿದಾರನು ಕಡಿತಗೊಳಿಸುವುದು ಎಷ್ಟು? ಎರಡನೆಯದು ಕಡಿಮೆಯಾದರೆ ಅಂದೇ ಮಾರುವುದು ಜಾಣತನ. ಜನವರಿಯಲ್ಲಿ ಚೀಲ ಕಟ್ಟುವ ಮೊದಲು ಎರಡು ಅಂಕಿಗಳನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಳ್ಳುವ ಬೆಳೆಗಾರರು ಇನ್ನೂ ಕಡಿಮೆ. ಖರೀದಿದಾರನ ಬಳಿ ಮಾತ್ರ ಆ ಹಾಳೆ ಯಾವಾಗಲೂ ಸಿದ್ಧವಾಗಿರುತ್ತದೆ.