ಲಸಿಕೆಗೆ ಬಿಸಿಲೂ ಆಗಲ್ಲ, ಮಂಜುಗಡ್ಡೆಯೂ ಆಗಲ್ಲ

ಥರ್ಮೋಡೈನಮಿಕ್ಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕಾರ್ನೋ ಸೈಕಲ್, ಸ್ಟೀಮ್ ಟೇಬಲ್, ಆಮೇಲೆ ಇಂಟರ್ನಲ್ಸ್ ಮಾರ್ಕ್ಸ್. ಆದರೆ ನಮ್ಮ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗುರುವಾರ ಬಂತೆಂದರೆ ಇದೇ ಸಬ್ಜೆಕ್ಟಿನ ಪ್ರಾಕ್ಟಿಕಲ್ ನಡೆಯುತ್ತೆ. ಲ್ಯಾಬ್ ಅಂದರೆ ಅಂಗನವಾಡಿ. ಉಪಕರಣ ಅಂದರೆ ಕೈಯಲ್ಲಿ ಹಿಡಿದು ಓಡಾಡುವ ಒಂದು ದಪ್ಪ ಗೋಡೆಯ ಡಬ್ಬಿ, ಅಂದರೆ ವ್ಯಾಕ್ಸಿನ್ ಕ್ಯಾರಿಯರ್. ಇಲ್ಲಿ ಎಡವಟ್ಟಾದರೆ ಮಾರ್ಕ್ಸ್ ಹೋಗಲ್ಲ, ಒಂದು ಮಗುವಿಗೆ ಸಿಗಬೇಕಾದ ರಕ್ಷಣೆ ಹೋಗುತ್ತೆ.

ಲಸಿಕೆ ಬಿಸಿಗೆ ಕೆಡುತ್ತೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ "ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೇದು" ಅಂದುಕೊಂಡುಬಿಡ್ತೀವಿ. ಅದು ಅರ್ಧ ಸತ್ಯ ಮಾತ್ರ. ಇನ್ನರ್ಧ ಏನು ಅನ್ನೋದನ್ನು ಈ ಲೇಖನದಲ್ಲಿ ಲೆಕ್ಕ ಹಾಕಿಯೇ ನೋಡೋಣ.

2ರಿಂದ 8 ಡಿಗ್ರಿ

ಭಾರತದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಗಿದ್ದು 1985ರಲ್ಲಿ. ಇದರ ಲಸಿಕೆಗಳು ಆರೋಗ್ಯ ಕೇಂದ್ರದಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಕಾರ್ಖಾನೆಯಿಂದ ಮಗುವಿನವರೆಗೆ ಸರಿಯಾದ ತಾಪಮಾನ ಕಾಯುವ ವ್ಯವಸ್ಥೆಗೆ ಕೋಲ್ಡ್ ಚೈನ್, ಅಂದರೆ ಶೀತಲ ಸರಪಳಿ ಅಂತ ಹೆಸರು.

ಲಸಿಕೆಗಳಲ್ಲಿ ಎರಡು ಸ್ವಭಾವದವು ಇವೆ. ಪೋಲಿಯೊ ಹನಿ, ದಡಾರ-ರುಬೆಲ್ಲಾ, ಬಿಸಿಜಿ ಇವು ದುರ್ಬಲಗೊಳಿಸಿದ ಜೀವಂತ ರೋಗಾಣುಗಳು. ಇವಕ್ಕೆ ಬಿಸಿ ಆಗಿಬರಲ್ಲ. ಪೆಂಟಾವೇಲೆಂಟ್, ಡಿಪಿಟಿ, ಟಿಡಿ, ಹೆಪಟೈಟಿಸ್-ಬಿ ಇವುಗಳದ್ದು ಬೇರೆ ಕಥೆ. ಇವುಗಳಲ್ಲಿ ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳಿಗೆ ಲಸಿಕೆ ಅಂಟಿಕೊಂಡಿರುತ್ತೆ. ಹೆಪ್ಪುಗಟ್ಟಿದರೆ ಆ ಕಣಗಳು ಒಂದಕ್ಕೊಂದು ಕೂಡಿ ಗಂಟಾಗುತ್ತವೆ, ಲಸಿಕೆಯ ಶಕ್ತಿ ಕುಂದುತ್ತೆ. ಆಮೇಲೆ ಕರಗಿಸಿದರೂ ಪ್ರಯೋಜನವಿಲ್ಲ. ಒಡೆದ ಹಾಲು ಮತ್ತೆ ಹಾಲಾಗಲ್ಲ ಅಲ್ವಾ, ಹಾಗೆ.

ಪೆಂಟಾ ಲಸಿಕೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ಕಾಯಿಲೆಗಳಿಂದ ಕಾಪಾಡಬೇಕು. ಹೆಪ್ಪುಗಟ್ಟಿ ಕರಗಿದ ಪೆಂಟಾ ಕೊಟ್ಟರೂ ಮಗು ಎಂದಿನಂತೆ ಅಳುತ್ತೆ, ತಾಯಿ ಕಾರ್ಡಿನಲ್ಲಿ ದಿನಾಂಕ ಬೀಳುತ್ತೆ, ಅವ್ವ ನಿಶ್ಚಿಂತೆಯಿಂದ ಮನೆಗೆ ಹೋಗ್ತಾಳೆ. ರಕ್ಷಣೆ ಸಿಕ್ಕಿಲ್ಲ ಅನ್ನೋದು ಮಾತ್ರ ಯಾರಿಗೂ ಗೊತ್ತಾಗಲ್ಲ.

ಸರಪಳಿಯ ಕೊಂಡಿಗಳು

ನಮ್ಮ ಭಾಗಕ್ಕೆ ಬೆಳಗಾವಿ ದೊಡ್ಡ ಕೊಂಡಿ. 2021ರ ಜನವರಿಯಲ್ಲಿ ಪುಣೆಯಿಂದ ಕೋವಿಶೀಲ್ಡ್ ಬಂದಿಳಿದದ್ದು ಅಲ್ಲೇ. ಅಲ್ಲಿಂದ ಅದು ಧಾರವಾಡ ಸೇರಿದಂತೆ ಸುತ್ತಲಿನ ಜಿಲ್ಲೆಗಳಿಗೆ ಹೋಯಿತು. ಮುಂದಿನ ಕೊಂಡಿಗಳು ಜಿಲ್ಲಾ ಉಗ್ರಾಣ, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಕೊನೆಗೆ ಅಂಗನವಾಡಿ ಅಥವಾ ಉಪಕೇಂದ್ರ. ಮೇಲಿನ ಕೊಂಡಿಗಳಲ್ಲಿ ದೊಡ್ಡ ಕೋಲ್ಡ್ ರೂಮ್, ಜನರೇಟರ್ ಎಲ್ಲ ಇರುತ್ತೆ. ಕೆಳಗೆ ಬಂದ ಹಾಗೆ ಉಪಕರಣ ಸಣ್ಣದಾಗುತ್ತೆ, ಮನುಷ್ಯರ ಕೆಲಸ ದೊಡ್ಡದಾಗುತ್ತೆ.

ಹಗೇವಿನಂಥ ಫ್ರಿಜ್

ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇರೋದು ಐಎಲ್‌ಆರ್, ಅಂದರೆ ಐಸ್ ಲೈನ್ಡ್ ರೆಫ್ರಿಜರೇಟರ್ ಒಳಗೆ. ಇದರ ಒಳಗೋಡೆಯ ಸುತ್ತ ನೀರು ತುಂಬಿದ ಪದರ ಇರುತ್ತೆ. ಕರೆಂಟ್ ಇದ್ದಾಗ ಅದು ಮಂಜುಗಡ್ಡೆಯಾಗುತ್ತೆ. ಕರೆಂಟ್ ಹೋದಾಗ ನಿಧಾನಕ್ಕೆ ಕರಗುತ್ತಾ ಒಳಗಿನ ತಾಪಮಾನ ಕಾಯುತ್ತೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಟ್ಟು ಬರಗಾಲಕ್ಕೆ ತೆಗೀತಿದ್ದರಲ್ಲ, ಇದೂ ಅದೇ ಐಡಿಯಾ. ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ ಐಎಲ್‌ಆರ್ ತನ್ನ ಕೆಲಸ ನಿಭಾಯಿಸುತ್ತೆ.

ಇದರ ಬಾಗಿಲು ಮೇಲಕ್ಕೆ ತೆರೆಯುತ್ತೆ. ತಣ್ಣನೆಯ ಗಾಳಿ ಭಾರ, ಅದು ತಳದಲ್ಲೇ ನಿಲ್ಲುತ್ತೆ. ಬಾವಿಯ ಬಾಯಿ ತೆರೆದಿದ್ದರೆ ನೀರು ಹೊರಗೆ ಚೆಲ್ಲುತ್ತಾ? ಇಲ್ಲ ತಾನೆ. ಮನೆಯ ಫ್ರಿಜ್ಜಿನ ಬಾಗಿಲು ತೆರೆದರೆ ಮಾತ್ರ ತಂಪು ಕಾಲಿನ ಮೇಲೆ ಸುರಿಯುತ್ತೆ.

ಆದರೆ ತಳವೇ ಹೆಚ್ಚು ತಣ್ಣಗಿರೋದರಿಂದ ಜೋಡಿಸೋದಕ್ಕೂ ಕ್ರಮ ಇದೆ. ಪೋಲಿಯೊ ಹನಿ, ದಡಾರ-ರುಬೆಲ್ಲಾ, ಬಿಸಿಜಿ ಕೆಳಗೆ. ಪೆಂಟಾ, ಡಿಪಿಟಿ, ಟಿಡಿ, ಹೆಪಟೈಟಿಸ್-ಬಿ ಮೇಲಿನ ಬುಟ್ಟಿಯಲ್ಲಿ. ತಾಪಮಾನವನ್ನು ದಿನಕ್ಕೆ ಎರಡು ಸಲ ನೋಡಿ ಬರೀಬೇಕು. ಭಾನುವಾರಕ್ಕೂ ಹಬ್ಬಕ್ಕೂ ಇದರಲ್ಲಿ ರಜೆ ಇಲ್ಲ.

ಕೊನೆಯ ಕೊಂಡಿಯ ಲೆಕ್ಕ

ಈಗ ಕ್ಯಾಲ್ಕ್ಯುಲೇಟರ್ ತೆಗೀರಿ. ಕ್ಯಾರಿಯರ್‌ನಲ್ಲಿ ತಲಾ 0.4 ಕೆಜಿಯ 4 ಐಸ್ ಪ್ಯಾಕ್ ಇವೆ ಅಂತಿಟ್ಟುಕೊಳ್ಳಿ. ಒಟ್ಟು 1.6 ಕೆಜಿ. ಮಂಜುಗಡ್ಡೆಯ ಗುಪ್ತೋಷ್ಣ ಕೆಜಿಗೆ 334 ಕಿಲೋಜೂಲ್. ಪೂರ್ತಿ ಕರಗೋಕೆ ಸುಮಾರು 534 ಕಿಲೋಜೂಲ್ ಬೇಕು. ಗೋಡೆಯ ಫೋಮ್ 4 ಸೆಂಟಿಮೀಟರ್ ದಪ್ಪ, ಅದರ ಉಷ್ಣವಾಹಕತೆ 0.025, ಒಟ್ಟು ಮೇಲ್ಮೈ 0.3 ಚದರ ಮೀಟರ್, ಹೊರಗೂ ಒಳಗೂ 35 ಡಿಗ್ರಿ ವ್ಯತ್ಯಾಸ ಅಂತ ಹಿಡಿದರೆ ಒಳಗೆ ನುಗ್ಗುವ ಶಾಖ ಸುಮಾರು 7 ವ್ಯಾಟ್. ಭಾಗಿಸಿದರೆ ಹತ್ತಿರ ಹತ್ತಿರ 21 ಗಂಟೆ. ಇದು ಮುಚ್ಚಳ ತೆಗೆಯದೇ ಇದ್ದಾಗಿನ ನಮ್ಮ ಅಂದಾಜು. ಪದೇ ಪದೇ ತೆಗೆದರೆ ಕಡಿಮೆಯಾಗುತ್ತೆ. ಆದರೂ ಏಪ್ರಿಲ್ ಬಿಸಿಲಲ್ಲಿ ನವಲಗುಂದದ ಎರೆ ಹೊಲಗಳ ನಡುವೆ ಒಂದು ದಿನದ ಕೆಲಸ ಮುಗಿಸಿ ಬರೋಕೆ ಸಾಕು.

ಹಾಗಾದರೆ ಅಪಾಯ ಎಲ್ಲಿದೆ? ಬೆಳಗ್ಗೆ ಹೊರಡೋ ಗಡಿಬಿಡಿಯಲ್ಲಿದೆ. ಐಸ್ ಪ್ಯಾಕ್ ಡೀಪ್ ಫ್ರೀಜರ್‌ನಿಂದ ಬರುವಾಗ ಮೈನಸ್ 20 ಡಿಗ್ರಿ ಇರುತ್ತೆ. ಮಂಜುಗಡ್ಡೆಯ ವಿಶಿಷ್ಟೋಷ್ಣ 2.1. 1.6 ಕೆಜಿ ಮಂಜುಗಡ್ಡೆ ಸೊನ್ನೆಗೆ ಏರೋಕೆ ಸುಮಾರು 67 ಕಿಲೋಜೂಲ್ ಹೀರುತ್ತೆ. ಪಕ್ಕದಲ್ಲೇ 5 ಮಿಲಿಲೀಟರಿನ 16 ವಯಲ್ ಇವೆ ಅನ್ನಿ. ಅಷ್ಟೂ ದ್ರವವನ್ನು 5 ಡಿಗ್ರಿಯಿಂದ ಸೊನ್ನೆಗೆ ಇಳಿಸಿ ಪೂರ್ತಿ ಹೆಪ್ಪುಗಟ್ಟಿಸೋಕೆ ಸುಮಾರು 28 ಕಿಲೋಜೂಲ್ ತೆಗೆದರೆ ಸಾಕು. ಅಂದರೆ ಎರಡೂ ಪಟ್ಟಿಗಿಂತ ಜಾಸ್ತಿ ಕಸಿಯುವ ತಾಕತ್ತು ಆ ಪ್ಯಾಕ್‌ಗಳಿಗಿದೆ! ಅದರಲ್ಲಿ ಒಂದು ಪಾಲು ಹೊರಗಿನ ಶಾಖದಿಂದ ಬರುತ್ತೆ ನಿಜ, ಆದರೆ ಪ್ಯಾಕ್‌ಗೆ ಅಂಟಿ ಕೂತ ವಯಲ್ ಅಪಾಯದಲ್ಲೇ ಇರುತ್ತೆ.

ಇದಕ್ಕೆ ಪರಿಹಾರ ಒಂದು ರೂಪಾಯಿಯೂ ಖರ್ಚಿಲ್ಲದ್ದು. ಪ್ಯಾಕ್‌ಗಳನ್ನು ಹೊರಗಿಟ್ಟು ಕಾಯೋದು. ಮೇಲಿನ ಹಿಮ ಕರಗಿ ಬೆವರಬೇಕು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ನೀರೂ ಮಂಜುಗಡ್ಡೆಯೂ ಒಟ್ಟಿಗಿದ್ದರೆ ತಾಪಮಾನ ಸೊನ್ನೆಯ ಹತ್ತಿರ ಬಂದಿದೆ ಅಂತ ಅರ್ಥ. ನಾವು ಫೇಸ್ ಡಯಾಗ್ರಾಮ್‌ನಲ್ಲಿ ಗೆರೆ ಎಳೆದು ತೋರಿಸೋದನ್ನು ಸಿಸ್ಟರ್ ಕಿವಿಯಲ್ಲಿ ಕೇಳಿ ತಿಳೀತಾರೆ. ಇದಕ್ಕೆ ಕಂಡೀಷನಿಂಗ್ ಅಂತಾರೆ.

ಮಳೆಗಾಲದಲ್ಲಿ ಬೆಣ್ಣೆಹಳ್ಳ ಉಕ್ಕಿದರೆ ನವಲಗುಂದದ ಕಡೆ ರಸ್ತೆ ಬಂದ್ ಆಗುತ್ತೆ. ಕಲಘಟಗಿಯ ಕಾಡಂಚಿನ ಗೌಳಿ ದೊಡ್ಡಿಗಳು ದೂರ ದೂರ ಇವೆ. ತಡವಾಯ್ತು ಅಂತ ಯಾರಾದರೂ ಆತುರ ಮಾಡಿದರೆ ಮೊದಲು ತಪ್ಪೋದು ಈ ಕಾಯುವ ಕೆಲಸವೇ.

ಕೆಟ್ಟಿದ್ದು ಗೊತ್ತಾಗೋದು ಹೇಗೆ?

ಬಿಸಿಗೆ ಒಂದು ಸೂಚಕ ಇದೆ, ವಿವಿಎಂ. ವಯಲ್ ಮೇಲೆ ಬಣ್ಣದ ವೃತ್ತ, ಅದರೊಳಗೆ ತಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತೆ. ವೃತ್ತದ ಬಣ್ಣಕ್ಕೆ ಸಮ ಆದರೆ ಆ ವಯಲ್ ಬಳಸೋ ಹಾಗಿಲ್ಲ. ಆದರೆ ಹೆಪ್ಪುಗಟ್ಟಿದ್ದನ್ನು ವಿವಿಎಂ ಹೇಳಲ್ಲ!

ಅದಕ್ಕೆ ಶೇಕ್ ಟೆಸ್ಟ್ ಬೇಕು. ಅದೇ ಬ್ಯಾಚಿನ ಒಂದು ವಯಲನ್ನು ಬೇಕಂತಲೇ ಹೆಪ್ಪುಗಟ್ಟಿಸಿ, ಕರಗಿಸಿ, ಅನುಮಾನ ಇರುವ ವಯಲ್ ಜೊತೆ ಅಲ್ಲಾಡಿಸಿ ಪಕ್ಕಪಕ್ಕ ಇಡ್ತಾರೆ. ಅನುಮಾನದ ವಯಲಲ್ಲೂ ಗಷ್ಟು ಅಷ್ಟೇ ಬೇಗ ತಳಕ್ಕೆ ಕೂತರೆ ಅದು ಕೆಟ್ಟಿದೆ ಅಂತ ಅರ್ಥ. ದೊಡ್ಡ ಕಣ ಬೇಗ ಮುಳುಗುತ್ತೆ, ನಮ್ಮ ಸ್ಟೋಕ್ಸ್ ನಿಯಮವೇ.

ನಮಗೆ ಇಲ್ಲಿ ಏನು ಕೆಲಸ?

ಮಿನಿ ಪ್ರಾಜೆಕ್ಟ್ ಅಂದರೆ ನಾವು ಫ್ರಿಜ್ಜಿಗೊಂದು ಸೆನ್ಸರ್ ಹಾಕಿ ಮೊಬೈಲಿಗೆ ಮೆಸೇಜ್ ಕಳಿಸ್ತೀವಿ. ಆ ಕೆಲಸ ದೇಶದಲ್ಲಿ 2015ರಿಂದಲೇ ಇವಿನ್ ವ್ಯವಸ್ಥೆಯಲ್ಲಿ ಶುರುವಾಗಿದೆ. ಸೆನ್ಸರ್ ಕಣ್ಣಿಟ್ಟಿರೋದು ಫ್ರಿಜ್ ಮೇಲೆ. ಕ್ಯಾರಿಯರ್ ಬಾಗಿಲು ದಾಟಿದ ಮೇಲೆ ಎಲ್ಲ ಸಿಸ್ಟರ್ ಕೈಯಲ್ಲಿ. ಅಲ್ಲಿಗೆ ನಾವು ಯೋಚಿಸಬಹುದು: ಐಸ್ ಪ್ಯಾಕ್ ಸೊನ್ನೆಗೆ ಬಂದಾಗ ಬಣ್ಣ ಬದಲಿಸುವ ಒಂದು ಪಟ್ಟಿ, ವಯಲ್‌ಗೂ ಪ್ಯಾಕ್‌ಗೂ ನಡುವೆ ಇಡುವ ಅಗ್ಗದ ತಡೆಗೋಡೆ. ಚಾರ್ಜಿಂಗ್ ಬೇಡ, ಆ್ಯಪ್ ಬೇಡ, ತೊಳೆಯೋಕೆ ಬರಬೇಕು. ಡಿಸೈನ್ ಮಾಡೋ ಮುಂಚೆ ಅನುಮತಿ ಕೇಳಿ ಒಂದು ಗುರುವಾರ ಲಸಿಕಾ ಸ್ಥಳದಲ್ಲಿ ಕೂತು ನೋಡೋಣ. ಬೆಳಗ್ಗೆಯೇ ಹೋಗಬೇಕು, ಪ್ಯಾಕ್ ಹೊರಗೆ ತೆಗೆಯೋ ಹೊತ್ತಿಗೆ.

ಕೊನೆಗೆ ನಿಮಗೊಂದು ಲೆಕ್ಕ. ಐಸ್ ಪ್ಯಾಕ್ ಬದಲು 5 ಡಿಗ್ರಿಯ ನೀರಿನ ಪ್ಯಾಕ್ ಇಟ್ಟರೆ ಹೆಪ್ಪುಗಟ್ಟೋ ಭಯವೇ ಇಲ್ಲ. ಅದೇ 1.6 ಕೆಜಿ ನೀರು, ಅದೇ ಡಬ್ಬಿ, ಹೊರಗೆ 40 ಡಿಗ್ರಿ. ಪ್ಯಾಕ್ 8 ಡಿಗ್ರಿ ದಾಟೋಕೆ ಎಷ್ಟು ಹೊತ್ತು ಬೇಕು? ಉತ್ತರ ಒಂದು ಪೀರಿಯಡ್‌ಗಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಬಿಡಿಸಿ.